ಸಣ್ಣ ಚೈನ್‌ಸಾ ಕೊಳ್ಳುವ ಮುನ್ನ: ಯಾವ ಮಿಷಿನ್, ಎಷ್ಟುದ್ದದ ಬಾರ್, ಎಂಥ ಚೈನ್?

ಚೈನ್‌ಸಾ ಕೊಳ್ಳಲು ಹೊರಟವರು ಮೊದಲು ಕೇಳುವುದು ಇಂಜಿನ್ ಎಷ್ಟು ಸಿಸಿ, ಬ್ಯಾಟರಿ ಎಷ್ಟು ವೋಲ್ಟ್ ಅಂತ. ನಾನು ಮೊದಲು ನೋಡುವುದು ಚೈನನ್ನು. ಮರ ಕೊಯ್ಯುವುದು ಅದೇ ತಾನೆ? ಮೋಟಾರು ಅದನ್ನು ಓಡಿಸುತ್ತದೆ, ಬಾರ್, ಅಂದರೆ ಮುಂದಕ್ಕೆ ಚಾಚಿದ ಉದ್ದನೆಯ ಪಟ್ಟಿ, ಅದಕ್ಕೆ ದಾರಿ ಕೊಡುತ್ತದೆ. ಸರಿಯಾದ ಅಳತೆಯ ಹರಿತವಾದ ಚೈನ್ ಹಾಕಿದ ಸಣ್ಣ ಮಿಷಿನ್, ಮೊಂಡು ಚೈನ್ ಹಾಕಿದ ದೊಡ್ಡ ಮಿಷಿನ್‌ಗಿಂತ ಬೇಗ ಕೆಲಸ ಮುಗಿಸುತ್ತದೆ. ಸೊಂಟಕ್ಕೂ ತೋಳಿಗೂ ಅದರಿಂದಲೇ ಸುಖ.

ಇಲ್ಲಿ ಸಣ್ಣದು ಎಂದರೆ 4 ಇಂಚು ಬಾರಿನ, ಅಂಗೈಯಲ್ಲಿ ಹಿಡಿಯುವ ಮಿನಿ ಸಾದಿಂದ ಹಿಡಿದು 16 ಇಂಚು ಬಾರಿನ, ಸುಮಾರು 40 ಸಿಸಿಯ ಪೆಟ್ರೋಲ್ ಮಿಷಿನ್‌ವರೆಗೆ. ಅದಕ್ಕೂ ದೊಡ್ಡವು ಮರ ಕಡಿಯುವುದನ್ನೇ ಕಸುಬು ಮಾಡಿಕೊಂಡವರಿಗೆ ಇರುವಂಥವು.

ಮೊದಲು ಟೇಪ್ ಹಿಡಿಯಿರಿ

ಬಾರ್ ಎಷ್ಟುದ್ದ ಬೇಕು ಎಂಬುದನ್ನು ಅಂಗಡಿಗೆ ಹೋಗುವ ಮುಂಚೆಯೇ ತೀರ್ಮಾನಿಸಿ. ವರ್ಷಕ್ಕೊಮ್ಮೆ ಎದುರಾಗುವ ದೊಡ್ಡ ಬೊಡ್ಡೆಯನ್ನು ಬಿಡಿ, ಪದೇ ಪದೇ ಕೊಯ್ಯುವ ಕೊಂಬೆ, ಸೌದೆ ಎಷ್ಟು ದಪ್ಪ ಎಂದು ಅಳೆಯಿರಿ. ಆ ದಪ್ಪಕ್ಕೆ 2 ಇಂಚು ಸೇರಿಸಿದರೆ ಬಾರಿನ ಉದ್ದ ಸಿಕ್ಕಿತು. 8 ಇಂಚು ದಪ್ಪದ ಮರವೇ ಹೆಚ್ಚಾದರೆ 10 ಅಥವಾ 12 ಇಂಚಿನ ಬಾರ್ ಧಾರಾಳ ಸಾಕು. ಯಾವತ್ತಾದರೂ ದಪ್ಪನೆಯ ದಿಮ್ಮಿ ಬಂದರೆ ಈ ಕಡೆಯಿಂದ ಅರ್ಧ, ಆ ಕಡೆಯಿಂದ ಅರ್ಧ ಕೊಯ್ದು ಮುಗಿಸಬಹುದು.

ಉದ್ದ ಬಾರ್ ಇದ್ದರೆ ಒಳ್ಳೆಯದಲ್ಲವೇ ಎಂದು ತುಂಬಾ ಜನ ಕೇಳುತ್ತಾರೆ. ಇಲ್ಲ. ಬಾರ್ ಉದ್ದವಾದಷ್ಟೂ ಓಡಿಸಬೇಕಾದ ಚೈನ್ ಹೆಚ್ಚು, ಉಜ್ಜಾಟ ಹೆಚ್ಚು, ಮುಂಭಾಗದ ಭಾರ ಹೆಚ್ಚು. ಬಾರಿನ ತುದಿ ಕಣ್ಣಳತೆಯಿಂದ ದೂರ ಹೋಗುವುದು ಎಲ್ಲಕ್ಕಿಂತ ಅಪಾಯ. 30 ಸಿಸಿ ಇಂಜಿನ್‌ಗೆ 18 ಇಂಚಿನ ಬಾರ್ ಕಟ್ಟಿ ಮಾರುವುದನ್ನು ಕಂಡಿದ್ದೇನೆ. ಬಾರ್ ಪೂರ್ತಿ ಮರದೊಳಗೆ ಇಳಿದ ಕೂಡಲೇ ಚೈನ್ ಏದುಸಿರು ಬಿಡತೊಡಗುತ್ತದೆ. ಅಂಥ ಮಿಷಿನ್‌ಗೆ 12ರಿಂದ 14 ಇಂಚು ಸರಿಯಾದ ಜೋಡಿ.

ನಾಲ್ಕು ಬಗೆಯ ಮಿಷಿನ್

ಮಿನಿ ಸಾ ಎಂದು ಕರೆಯುವ 4ರಿಂದ 6 ಇಂಚಿನವು ಈಗ ಎಲ್ಲೆಡೆ ಸಿಗುತ್ತವೆ. ಹೆಬ್ಬೆರಳಿಗಿಂತ ದಪ್ಪ, ಮುಂಗೈಗಿಂತ ಸಣ್ಣ ರೆಂಬೆಗಳಿಗೆ ಇವು ನಿಜಕ್ಕೂ ಚೆನ್ನ. ಆದರೆ ಹಗುರವಾಗಿವೆ ಎಂಬ ಕಾರಣಕ್ಕೇ ಜನ ಒಂದು ಕೈಯಲ್ಲಿ ಮಿಷಿನ್, ಇನ್ನೊಂದು ಕೈಯಲ್ಲಿ ರೆಂಬೆ ಹಿಡಿದು ಕೊಯ್ಯುತ್ತಾರೆ. ಚೈನ್ ಜಾರಿದರೆ ಹೋಗುವುದು ನೇರ ಆ ಇನ್ನೊಂದು ಕೈಗೆ. ಇದನ್ನೇ ಕೊಳ್ಳುವುದಾದರೆ ಚೈನ್ ಮೇಲೆ ಮುಚ್ಚಳ ಇರುವುದನ್ನು, ಲಾಕ್ ಒತ್ತದೆ ಟ್ರಿಗರ್ ಎಳೆಯಲಾಗದಂಥದನ್ನು ಆರಿಸಿ. ಅಗ್ಗದವುಗಳಲ್ಲಿ ಚೈನಿಗೆ ತಾನಾಗಿ ಎಣ್ಣೆ ಬಿಡುವ ಏರ್ಪಾಡು ಇರುವುದಿಲ್ಲ, ನಾಲ್ಕೈದು ರೆಂಬೆಗೊಮ್ಮೆ ಕೈಯಿಂದಲೇ ಎಣ್ಣೆ ಹನಿಸಬೇಕು.

ವೈರ್ ಇರುವ ಕರೆಂಟ್ ಮಿಷಿನ್ ಅನ್ನು ಜನ ಸುಮ್ಮನೆ ಕಡೆಗಣಿಸುತ್ತಾರೆ. ಸಾಮಾನ್ಯವಾಗಿ 1600ರಿಂದ 2400 ವ್ಯಾಟ್ ಶಕ್ತಿ, ಪೆಟ್ರೋಲಿನ ಗೊಡವೆಯಿಲ್ಲ, ಚಾರ್ಜ್ ಮುಗಿಯುವ ಭಯವಿಲ್ಲ, ಬೆಲೆಯೂ ಕಡಿಮೆ. ಮನೆಯ ಪಕ್ಕದಲ್ಲೇ ಒಂದೇ ಕಡೆ ನಿಂತು ಸೌದೆ ತುಂಡು ಮಾಡುವವರಿಗೆ ಇದಕ್ಕಿಂತ ಲಾಭದ್ದು ಇಲ್ಲ. ಎಕ್ಸ್‌ಟೆನ್ಷನ್ ವೈರ್ ಮಾತ್ರ ದಪ್ಪನೆಯದು ಬೇಕು. ಸಣ್ಣ ವೈರನ್ನು ಉದ್ದಕ್ಕೆ ಎಳೆದರೆ ದಾರಿಯಲ್ಲೇ ವೋಲ್ಟೇಜ್ ಇಳಿದು ಮೋಟಾರು ಬಿಸಿಯಾಗಿ ಸುಡುತ್ತದೆ. ಲೈನಿಗೆ ಆರ್‌ಸಿಡಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಇರಲಿ. ಮಳೆಯಲ್ಲಿ, ಒದ್ದೆ ನೆಲದಲ್ಲಿ ಇದನ್ನು ಮುಟ್ಟಬೇಡಿ.

ಬ್ಯಾಟರಿಯದರಲ್ಲಿ ಲೆಕ್ಕ ಸ್ವಲ್ಪ ಬಿಡಿಸಿ ನೋಡಬೇಕು. ಡಬ್ಬದ ಮೇಲೆ 20 ವೋಲ್ಟ್ ಮ್ಯಾಕ್ಸ್ ಎಂದು ಬರೆದದ್ದೂ 18 ವೋಲ್ಟ್ ಎಂದು ಬರೆದದ್ದೂ ಒಂದೇ. ಒಳಗೆ ಸಾಲಾಗಿ 5 ಸೆಲ್. ಪೂರ್ತಿ ಚಾರ್ಜ್ ಆದ ಕ್ಷಣ ಒಂದೊಂದೂ 4 ವೋಲ್ಟ್ ಆಸುಪಾಸು ತೋರಿಸುತ್ತದೆ, ಕೆಲಸದ ನಡುವೆ ಸರಾಸರಿ 3.6. ಹೀಗೇ 40 ವೋಲ್ಟ್ ಮ್ಯಾಕ್ಸ್ ಎಂದರೆ 36 ವೋಲ್ಟ್. ಹಾಗಾಗಿ ವೋಲ್ಟ್ ಒಂದನ್ನೇ ನೋಡದೆ ಅದನ್ನು ಆಂಪಿಯರ್ ಅವರ್‌ನಿಂದ ಗುಣಿಸಿ. 18 ವೋಲ್ಟ್, 4 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 72 ವ್ಯಾಟ್ ಅವರ್. 36 ವೋಲ್ಟಿನದರಲ್ಲಿ 144. ಗಟ್ಟಿ ಮರದಲ್ಲಿ ಮೋಟಾರು 1000 ವ್ಯಾಟ್ ಎಳೆದರೆ ಆ 144 ಖಾಲಿಯಾಗಲು 9 ನಿಮಿಷವೂ ಬೇಡ. ಇದು ಎಡೆಬಿಡದೆ ಕೊಯ್ದರೆ. ಕೊಯ್ಯುವುದು, ತುಂಡು ಸರಿಸುವುದು, ಮತ್ತೆ ಕೊಯ್ಯುವುದು ಎಂದು ನಡೆಯುವ ಕೆಲಸದಲ್ಲಿ ಅದೇ ಬ್ಯಾಟರಿ ಅದರ ಎಷ್ಟೋ ಪಾಲು ಹೊತ್ತು ಬರುತ್ತದೆ. ಎರಡು ಬ್ಯಾಟರಿ ಇದ್ದರೆ ಒಂದು ಚಾರ್ಜ್‌ನಲ್ಲಿರುವಾಗ ಇನ್ನೊಂದು ಕೆಲಸದಲ್ಲಿರುತ್ತದೆ. ನಿಮ್ಮಲ್ಲಿ ಈಗಾಗಲೇ ಅದೇ ಕಂಪನಿಯ ಡ್ರಿಲ್ಲೋ ಹುಲ್ಲು ಕತ್ತರಿಸುವ ಮಿಷಿನ್ನೋ ಇದ್ದು ಬ್ಯಾಟರಿ ಹೊಂದುವುದಾದರೆ ಅರ್ಧ ತೀರ್ಮಾನ ಅಲ್ಲೇ ಆಯಿತು.

ಬ್ಯಾಟರಿ ಮಿಷಿನ್ನಿನ ಒಂದು ಗುಣ ಅದರ ದೋಷವೂ ಹೌದು. ಸದ್ದಿಲ್ಲದೆ ಕೂತಿರುತ್ತದೆ, ಒತ್ತಿದ ಕ್ಷಣಕ್ಕೆ ಚೈನ್ ಓಡುತ್ತದೆ. ಚೈನನ್ನು ಮುಟ್ಟುವ ಮೊದಲು, ಬಿಗಿ ನೋಡಲಿಕ್ಕಾದರೂ ಸರಿ, ಬ್ಯಾಟರಿ ಕಳಚಿ ಪಕ್ಕಕ್ಕಿಡಿ.

ಪೆಟ್ರೋಲ್ ಟೂ ಸ್ಟ್ರೋಕ್ ಮಿಷಿನ್ ದಿನವಿಡೀ ಕೆಲಸ ಇರುವವರಿಗೆ, ಪ್ಲಗ್ ಪಾಯಿಂಟ್‌ನಿಂದ ದೂರ ಇರುವವರಿಗೆ. 30ರಿಂದ 40 ಸಿಸಿಯದು ಬಾರ್, ಚೈನ್ ಬಿಟ್ಟು 4ರಿಂದ 5 ಕೆಜಿ ತೂಗುತ್ತದೆ. ಈಗಿನ ಹೆಚ್ಚಿನವಕ್ಕೆ 50ಕ್ಕೆ 1ರ ಮಿಶ್ರಣ, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಟೂ ಸ್ಟ್ರೋಕ್ ಆಯಿಲ್. ಹಳೆಯ ಕೆಲವಕ್ಕೆ 25ಕ್ಕೆ 1, ಲೀಟರಿಗೆ 40 ಮಿಲಿ. ಪುಸ್ತಕದಲ್ಲಿ ಏನಿದೆಯೋ ಅದೇ ಸರಿ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯಿಂದ ನೀರು ಹೀರುತ್ತದೆ, ಕಾರ್ಬ್ಯುರೇಟರಿನ ರಬ್ಬರ್ ಡಯಾಫ್ರಮ್ ಬಿರುಸಾಗುತ್ತದೆ. ಒಂದು ತಿಂಗಳಲ್ಲಿ ಮುಗಿಯುವಷ್ಟೇ ಬೆರೆಸಿಕೊಳ್ಳಿ. ಎತ್ತಿಡುವ ಮೊದಲು ಟ್ಯಾಂಕ್ ಬರಿದು ಮಾಡಿ, ಇಂಜಿನ್ ತಾನಾಗಿ ಆರುವ ತನಕ ಓಡಿಸಿ. ವರ್ಷದಲ್ಲಿ ಮೂರು ನಾಲ್ಕು ದಿನ ಮಾತ್ರ ಬಳಸುವವರು ಪೆಟ್ರೋಲ್ ಮಿಷಿನ್ ಕೊಂಡರೆ ಆ ಮೂರು ದಿನಗಳಲ್ಲಿ ಒಂದು ದಿನ ಹಗ್ಗ ಎಳೆಯುವುದರಲ್ಲೇ ಹೋಗುತ್ತದೆ. ಅಂಥವರಿಗೆ ನಾನು 36 ವೋಲ್ಟಿನ ಬ್ಯಾಟರಿ ಮಿಷಿನ್, 12 ಅಥವಾ 14 ಇಂಚಿನ ಬಾರ್ ಎಂದೇ ಹೇಳುತ್ತೇನೆ.

ಹಿಡಿ ಮೇಲ್ಭಾಗದಲ್ಲೇ ಇರುವ, ಪುಟ್ಟದಾಗಿ ಚೆಂದ ಕಾಣುವ ಒಂದು ಬಗೆ ಇದೆ, ಟಾಪ್ ಹ್ಯಾಂಡಲ್ ಸಾ. ಅದು ಹಗ್ಗ ಕಟ್ಟಿಕೊಂಡು ಮರ ಹತ್ತುವ ತರಬೇತಾದವರ ಸಾಧನ. ನೆಲದ ಮೇಲೆ ನಿಂತು ಕೊಯ್ಯುವವರು, ಸಣ್ಣದಾಗಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಕೊಳ್ಳಬಾರದು.

ಚೈನಿನ ಮೂರು ಅಂಕಿ

ಚೈನ್ ಕೊಳ್ಳುವಾಗ ಮೂರು ಅಂಕಿ ಹೊಂದಬೇಕು: ಪಿಚ್, ಗೇಜ್, ಡ್ರೈವ್ ಲಿಂಕ್‌ಗಳ ಸಂಖ್ಯೆ. ಮೂರೂ ಸಾಮಾನ್ಯವಾಗಿ ಬಾರಿನ ಬುಡದ ಹತ್ತಿರ ಅಚ್ಚಾಗಿರುತ್ತವೆ. ಎಣ್ಣೆ, ಹೊಟ್ಟು ಮೆತ್ತಿಕೊಂಡಿದ್ದರೆ ಬಟ್ಟೆಯಿಂದ ಒರೆಸಿ ನೋಡಿ.

ಪಿಚ್ ಎಂದರೆ ಚೈನಿನ ಕೊಂಡಿಗಳ ನಡುವಿನ ಅಂತರ. ಸಾಲಾಗಿ ಮೂರು ರಿವೆಟ್, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿನವರೆಗೆ ಅಳೆದು ಎರಡರಿಂದ ಭಾಗಿಸಿದರೆ ಬರುವುದೇ ಪಿಚ್. ಸಣ್ಣ ಮಿಷಿನ್‌ಗಳಲ್ಲಿ ಸಿಗುವುದು ಮುಖ್ಯವಾಗಿ 1/4 ಇಂಚು, 3/8 ಲೋ ಪ್ರೊಫೈಲ್, 0.325 ಇಂಚು. ಗೇಜ್ ಎಂದರೆ ಬಾರಿನ ಕಾಲುವೆಯೊಳಗೆ ಓಡುವ ಡ್ರೈವ್ ಲಿಂಕ್‌ನ ದಪ್ಪ: 1.1, 1.3, 1.5, 1.6 ಮಿಲಿಮೀಟರ್. ಡಬ್ಬದ ಮೇಲೆ ಇದೇ 0.043, 0.050, 0.058, 0.063 ಇಂಚು ಎಂದಿರುತ್ತದೆ. ಮೂರನೆಯದು ಬಾರಿನ ಮೇಲೆ ಕಾಣದಿದ್ದರೆ ಎಣಿಸಿಯೇ ತಿಳಿಯಬೇಕು. 14 ಇಂಚಿನ ಬಾರ್ ಎಂದು ಹೇಳಿದರೆ ಸಾಲದು. ಒಂದು ಮಿಷಿನ್‌ನ 14 ಇಂಚಿಗೆ 50 ಲಿಂಕ್ ಬೇಕು, ಇನ್ನೊಂದಕ್ಕೆ 52, ಮತ್ತೊಂದಕ್ಕೆ 53. ಹಳೆಯ ಚೈನನ್ನು ನೆಲದ ಮೇಲೆ ಚಾಚಿ, ಒಂದು ಲಿಂಕಿಗೆ ಬಣ್ಣದ ಗುರುತು ಹಾಕಿ, ಅಲ್ಲಿಂದ ಎಣಿಸಿಕೊಂಡು ಬನ್ನಿ.

ಚೈನ್ ಮೇಲೂ ಗುರುತು ಇರುತ್ತದೆ. ಆರೆಗಾನ್ ಕಂಪನಿಯ ಚೈನಿನ ಡ್ರೈವ್ ಲಿಂಕ್ ಮೇಲೆ 91 ಎಂದಿದ್ದರೆ ಅದು 3/8 ಲೋ ಪ್ರೊಫೈಲ್, 1.3 ಮಿ.ಮೀ. 90 ಎಂದಿದ್ದರೆ ಪಿಚ್ ಅದೇ, ಗೇಜ್ 1.1. 95 ಎಂದರೆ 0.325, 1.3 ಮಿ.ಮೀ. ಸ್ಟಿಲ್ ಕಂಪನಿಯ ಚೈನಿನಲ್ಲಿ ಹಲ್ಲಿನ ಮುಂದಿನ ಗುಬುಟಿನ ಮೇಲೆ ಒಂದೇ ಅಂಕಿ ಇರುತ್ತದೆ: 6 ಎಂದರೆ 3/8 ಲೋ ಪ್ರೊಫೈಲ್, 2 ಎಂದರೆ 0.325, 3 ಎಂದರೆ ಪೂರ್ಣ 3/8. ಈ ಕೊನೆಯದರಲ್ಲೇ ಜನ ಎಡವುತ್ತಾರೆ. ಲೋ ಪ್ರೊಫೈಲ್ 3/8 ಮತ್ತು ಪೂರ್ಣ 3/8 ಎರಡೂ ಹೆಸರಿಗೆ ಒಂದೇ, ಚೈನನ್ನು ಎಳೆಯುವ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ ಮೇಲೆ ಬೇರೆ ಬೇರೆ. ಪೂರ್ಣ 3/8 ದೊಡ್ಡ ಇಂಜಿನ್‌ಗಳದು.

ಗೇಜ್ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಒಂದು ಸೆಕೆಂಡ್ ಹ್ಯಾಂಡ್ ಮಿಷಿನ್‌ನಿಂದ ಕಲಿತೆ. 0.325 ಪಿಚ್ಚಿನದು, ಇಂಜಿನ್ ಗಟ್ಟಿಮುಟ್ಟಾಗಿತ್ತು. ಆದರೆ ಕೊಯ್ತ ನೇರ ಇಳಿಯುತ್ತಲೇ ಇರಲಿಲ್ಲ, ಅರ್ಧ ದಿಮ್ಮಿ ದಾಟುವಷ್ಟರಲ್ಲಿ ಬಾಳೆಹಣ್ಣಿನ ಹಾಗೆ ಬಾಗಿರುತ್ತಿತ್ತು. ಹಲ್ಲು ಒಂದು ಕಡೆ ಮೊಂಡಾಗಿರಬೇಕು ಎಂದು ಎರಡು ಸಂಜೆ ಅರ ಹಾಕಿದೆ, ಬದಲಾವಣೆ ಕಾಣಲಿಲ್ಲ. ಮೂರನೇ ದಿನ ಮಿಷಿನ್ ಆರಿಸಿ, ಕೈಗವಸು ಹಾಕಿ ಚೈನನ್ನು ಎಡಕ್ಕೂ ಬಲಕ್ಕೂ ಅಲುಗಾಡಿಸಿದೆ. ಗದ್ದೆಬದುವಿನಲ್ಲಿ ಸಡಿಲಾದ ಗೂಟದ ಹಾಗೆ ವಾಲುತ್ತಿತ್ತು. ಬಾರ್ ಒರೆಸಿ ನೋಡಿದರೆ 1.5, ಚೈನ್ 1.3. ಒಂದು ಮಿಲಿಮೀಟರಿನ ಐದನೇ ಒಂದು ಪಾಲು ವ್ಯತ್ಯಾಸ. ಸರಿಯಾದ ಚೈನ್ ಹಾಕಿದ ದಿನ ಅದೇ ಮಿಷಿನ್ ಗೆರೆ ಎಳೆದಂತೆ ಕೊಯ್ಯಿತು. ಇದರ ತಿರುಗುಮುರುಗು ತಪ್ಪು, ಅಂದರೆ 1.3 ಬಾರಿಗೆ 1.5 ಚೈನ್, ಮಾಡಲು ಹೋದರೂ ಆಗದು. ಲಿಂಕ್ ಕಾಲುವೆಗೆ ಇಳಿಯುವುದೇ ಇಲ್ಲ.

ಯಾವ ಪಿಚ್, ಯಾವ ಗೇಜ್

ಹೆಚ್ಚಿನ ಸಲ ಈ ಆಯ್ಕೆಯನ್ನು ಕಂಪನಿಯೇ ಮಾಡಿ ಮುಗಿಸಿರುತ್ತದೆ. ಪಿಚ್ ಬದಲಿಸಬೇಕೆಂದರೆ ಚೈನ್ ಜೊತೆ ಡ್ರೈವ್ ಸ್ಪ್ರಾಕೆಟ್ಟೂ ಬದಲಾಗಬೇಕು, ತುದಿಯಲ್ಲಿ ಚಕ್ರ ಇರುವ ಬಾರ್ ಆದರೆ ಬಾರೂ ಬದಲಾಗಬೇಕು. ಆದ್ದರಿಂದ ಮಿಷಿನ್ ಕೊಳ್ಳುವಾಗಲೇ ನೋಡಿಕೊಳ್ಳುವುದು ಲೇಸು.

1/4 ಇಂಚಿನದು ಪುಟ್ಟ ಪುಟ್ಟ ಹಲ್ಲುಗಳ ನಯವಾದ ಚೈನ್. ರೆಂಬೆ ಸವರಲು, ಮರದ ಕೆತ್ತನೆಗೆ ಹೇಳಿ ಮಾಡಿಸಿದ್ದು. ದಪ್ಪ ಸೌದೆಗೆ ನಿಧಾನ. 3/8 ಲೋ ಪ್ರೊಫೈಲ್ ಸಣ್ಣ ಮಿಷಿನ್‌ಗಳ ರಾಜ. ಹಲ್ಲು ಗಿಡ್ಡ, ಮಿಷಿನ್ ಮೇಲಕ್ಕೆ ಒದೆಯುವುದು ಕಡಿಮೆ, ಯಾವ ಊರಿನಲ್ಲೂ ಬದಲಿ ಚೈನ್ ಸಿಗುತ್ತದೆ. 0.325 ಅದಕ್ಕಿಂತ ಎತ್ತರದ ಹಲ್ಲಿನದು, 40 ಸಿಸಿ ದಾಟಿದ ಇಂಜಿನ್‌ಗೆ ತಕ್ಕದ್ದು. 30 ಸಿಸಿಗೆ ಅದನ್ನು ಹೊರಿಸಿದರೆ ಇಂಜಿನ್ ದಣಿಯುತ್ತದೆ.

3/8 ಲೋ ಪ್ರೊಫೈಲ್‌ನಲ್ಲೇ 1.1 ಮತ್ತು 1.3ರ ನಡುವೆ ಆರಿಸುವ ಅವಕಾಶ ಸಿಕ್ಕರೆ ಮಿಷಿನ್ ನೋಡಿ ನಿರ್ಧರಿಸಿ. 1.1ರ ಚೈನ್ ಮರದಲ್ಲಿ ಕಿರಿದಾದ ಸೀಳು ಮಾಡುತ್ತದೆ, ಅಷ್ಟು ಮರ ಕಡಿಮೆ ತೆಗೆದರೆ ಸಾಕು, ಅಷ್ಟು ಶಕ್ತಿ ಉಳಿಯಿತು. ಬ್ಯಾಟರಿ ಮಿಷಿನ್‌ಗೆ ಇದು ನಿಜವಾದ ವರ. ಆದರೆ ಅದರ ಬಾರೂ ತೆಳು. ದಿಮ್ಮಿ ಕುಸಿದು ಬಾರನ್ನು ಕಚ್ಚಿಕೊಂಡಾಗ ಜೋರಾಗಿ ಎಳೆದರೆ ಬಾಗಿಬಿಡುತ್ತದೆ. ಒರಟು ಕೆಲಸದ ಪೆಟ್ರೋಲ್ ಮಿಷಿನ್‌ಗೆ 1.3 ಇರಲಿ.

ಹಲ್ಲಿನ ಆಕಾರ

1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವ ಒಂದು ಬೊಡ್ಡೆಯಲ್ಲಿ ದುಂಬಿಯ ಹುಳು ಮರ ಕೊರೆಯುವುದನ್ನು ಕಂಡ. ಅದರ ದವಡೆ ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿತ್ತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತಾ ಗಟ್ಟಿ ಮರದಲ್ಲೂ ಸಲೀಸಾಗಿ ಸಾಗುತ್ತಿತ್ತು. ಅದನ್ನೇ ಉಕ್ಕಿನಲ್ಲಿ ಮಾಡಿ 1947ರಲ್ಲಿ ಮಾರಾಟಕ್ಕೆ ತಂದ. ನಿಮ್ಮ ಚೈನನ್ನು ಕೈಗೆ ತೆಗೆದುಕೊಂಡು ನೋಡಿ: ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ, ಪ್ರತಿ ಹಲ್ಲಿನ ಮುಂದೆ ಒಂದು ಗುಬುಟು. ಅದೇ ಹುಳುವಿನ ದವಡೆ ಇಂದಿಗೂ ನಡೆದುಬಂದಿದೆ. ನನಗಂತೂ ಪ್ರತಿ ಸಲ ಅರ ಹಿಡಿದಾಗ ಇದು ನೆನಪಾಗುತ್ತದೆ.

ಹಲ್ಲಿನ ಮೂಲೆ ಚೌಕವಾಗಿದ್ದರೆ ಫುಲ್ ಚಿಸೆಲ್, ಮೂಲೆ ದುಂಡಗಿದ್ದರೆ ಸೆಮಿ ಚಿಸೆಲ್. ಚೌಕದ್ದು ಶುಭ್ರವಾದ ಹಸಿ ಮರದಲ್ಲಿ ಬೆಣ್ಣೆಯಂತೆ ಇಳಿಯುತ್ತದೆ, ಆದರೆ ಒಮ್ಮೆ ಮಣ್ಣು ತಾಗಿದರೆ ಆ ಚೂಪು ಮೂಲೆಯೇ ಮೊದಲು ಹೋಗುವುದು. ಸೆಮಿ ಚಿಸೆಲ್ ಸ್ವಲ್ಪ ನಿಧಾನ, ಹರಿತ ಮಾತ್ರ ಬಹಳ ಹೊತ್ತು ನಿಲ್ಲುತ್ತದೆ. ಒಣಗಿದ ಗಟ್ಟಿ ಸೌದೆ, ನೆಲದಲ್ಲಿ ಬಿದ್ದಿದ್ದ ದಿಮ್ಮಿ, ಧೂಳು ಹಿಡಿದ ತೊಗಟೆ, ಇವೇ ಹೆಚ್ಚಾದರೆ ಸೆಮಿ ಚಿಸೆಲ್ ಬಿಟ್ಟು ಬೇರೆ ಯೋಚನೆ ಬೇಡ. ಅರ ಹಾಕುವಾಗ ಸಣ್ಣಪುಟ್ಟ ತಪ್ಪಾದರೂ ಅದು ಕ್ಷಮಿಸುತ್ತದೆ. ಹೊಸಬರಿಗೆ ಅದೇ ಸಾಕು.

ಡಬ್ಬದ ಮೇಲೆ ಲೋ ಕಿಕ್‌ಬ್ಯಾಕ್ ಎಂದಿದೆಯೇ ನೋಡಿ. ಓಡುವ ಚೈನ್ ಬಾರಿನ ತುದಿಯ ಮೇಲಿನ ಕಾಲುಭಾಗದಲ್ಲಿ ಏನನ್ನಾದರೂ ತಾಗಿದರೆ ಮಿಷಿನ್ ಕಣ್ಣು ಮಿಟುಕಿಸುವುದರೊಳಗೆ ಮೇಲಕ್ಕೆ, ಹಿಡಿದವರ ಮುಖದ ಕಡೆಗೆ ಒದೆಯುತ್ತದೆ. ಇಂಥ ಚೈನಿನಲ್ಲಿ ಹಲ್ಲುಗಳ ನಡುವೆ ಇಳಿಜಾರಾದ ಉಬ್ಬು ಇದ್ದು, ತುದಿಯಲ್ಲಿ ಹಲ್ಲು ಆಳಕ್ಕೆ ಕಚ್ಚದಂತೆ ತಡೆಯುತ್ತದೆ. ತುದಿಯಿಂದ ಚುಚ್ಚಿ ಕೊಯ್ಯುವುದು ಇದರಿಂದ ಕಷ್ಟವಾಗುತ್ತದೆ, ಆದರೆ ಮನೆಬಳಕೆಯಲ್ಲಿ ಅದರ ಅಗತ್ಯ ಬರುವುದೇ ಅಪರೂಪ. ಚೈನ್ ಎಂಥದೇ ಇರಲಿ, ಮುಂದಿನ ಹಿಡಿಯ ಎದುರು, ಮಿಷಿನ್ ಒದೆದಾಗ ಚೈನನ್ನು ನಿಲ್ಲಿಸುವ ಚೈನ್ ಬ್ರೇಕ್ ಇಲ್ಲದ ಎರಡು ಕೈಯ ಮಿಷಿನ್ ಕೊಳ್ಳಬೇಡಿ.

ದಿಮ್ಮಿಯನ್ನು ಉದ್ದಕ್ಕೆ ಹಲಗೆಯಾಗಿ ಸೀಳುವವರಿಗೆ ರಿಪ್ಪಿಂಗ್ ಚೈನ್ ಬೇರೆಯೇ ಇದೆ, ಸಾಮಾನ್ಯ ಚೈನಿನ 30 ಡಿಗ್ರಿಯ ಬದಲು ಹಲ್ಲಿನ ಕೋನ 10 ಡಿಗ್ರಿ ಆಸುಪಾಸು. ಸಣ್ಣ ಮಿಷಿನ್‌ಗೆ ಆ ಕೆಲಸ ಭಾರ. ಕಾರ್ಬೈಡ್ ತುದಿಯ ಚೈನ್ ಮಣ್ಣಿನಲ್ಲೂ ಬಾಳುತ್ತದೆ, ಆದರೆ ಸಾದಾ ಅರಕ್ಕೆ ಬಗ್ಗುವುದಿಲ್ಲ, ವಜ್ರದ ಚಕ್ರವೇ ಬೇಕು. ಇವೆರಡೂ ಸಾಮಾನ್ಯ ಮನೆಗೆ ಬೇಡ. ತಾಳೆ ಜಾತಿಯ ನಾರುಮರಗಳನ್ನು ಕೊಯ್ಯುವವರು ಒಂದನ್ನು ಗಮನಿಸಿ: ನಾರು ಸ್ಪ್ರಾಕೆಟ್ ಮುಚ್ಚಳದೊಳಗೆ ಸುತ್ತಿಕೊಳ್ಳುತ್ತದೆ. ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಮುಚ್ಚಳ ಬಿಚ್ಚಬಹುದಾದ ಮಿಷಿನ್ ಅವರಿಗೆ ಅನುಕೂಲ.

ಅರ, ಎಣ್ಣೆ, ಬಟ್ಟೆ

ಚೈನ್ ಜೊತೆಗೇ ಅದಕ್ಕೆ ತಕ್ಕ ದುಂಡನೆಯ ಅರ ಕೊಳ್ಳಿ. 3/8 ಲೋ ಪ್ರೊಫೈಲ್‌ಗೆ ಸಾಮಾನ್ಯವಾಗಿ 4 ಮಿ.ಮೀ., ಕೆಲವಕ್ಕೆ 4.5. 0.325ಕ್ಕೆ 4.8. 1/4ಕ್ಕೆ 4, ಅದರಲ್ಲೇ ತೀರಾ ಪುಟ್ಟ ಹಲ್ಲಿನದಕ್ಕೆ 3.2. ಚೈನಿನ ಡಬ್ಬದ ಮೇಲೆ ಬರೆದಿರುತ್ತದೆ.

ಮೊಂಡಾಗಿದೆಯೇ ಎಂದು ತಿಳಿಯಲು ಮಿಷಿನ್ ಆರಿಸಿ, ಹಲ್ಲಿನ ಅಂಚನ್ನು ಬಿಸಿಲಿಗೆ ಹಿಡಿದು ನೋಡಿ. ಅಂಚಿನುದ್ದಕ್ಕೂ ಬೆಳ್ಳಗೆ ಒಂದು ಎಳೆ ಮಿನುಗಿದರೆ ಅದು ಸವೆದ ಜಾಗ. ಹರಿತವಾದ ಅಂಚು ಬೆಳಕನ್ನು ವಾಪಸು ಕೊಡುವುದಿಲ್ಲ. ಆ ಬಿಳಿ ಎಳೆ ಪೂರ್ತಿ ಮಾಯವಾಗುವ ತನಕ ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿಗೆ ಅರ ತಳ್ಳಿ. ಎಡದ ಹಲ್ಲಿಗೆ ಎಷ್ಟು ಸಲವೋ ಬಲದ್ದಕ್ಕೂ ಅಷ್ಟೇ. ಹೊರಬರುವ ಪುಡಿಯೂ ಹೇಳುತ್ತದೆ: ಚಕ್ಕೆ ಚಕ್ಕೆಯಾಗಿ ಬಿದ್ದರೆ ಸರಿ, ಹಿಟ್ಟಿನಂತೆ ಉದುರಿದರೆ ಕೊಯ್ಯುವುದು ನಿಲ್ಲಿಸಿ ಅರ ತೆಗೆದುಕೊಳ್ಳಿ. ಹಲ್ಲಿನ ಮುಂದಿನ ಗುಬುಟು ಅಂಚಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಬೇಗ ಕೊಯ್ಯಲೆಂದು ಅದನ್ನು ಇನ್ನೂ ಉಜ್ಜುವವರಿದ್ದಾರೆ. ಆಗ ಹಲ್ಲು ಅತಿ ಆಳಕ್ಕೆ ಕಚ್ಚಿ ಮಿಷಿನ್ ಒದೆಯುವುದು ಹೆಚ್ಚುತ್ತದೆ.

ಎಣ್ಣೆ ಬಾರ್‌ಗೆಂದೇ ಮಾಡಿದ, ಅಂಟುಗುಣ ಇರುವುದು ಬೇಕು. ತೆಳು ಎಣ್ಣೆ ಬಾರಿನ ತುದಿ ತಿರುಗುವಷ್ಟರಲ್ಲಿ ಸಿಡಿದುಹೋಗುತ್ತದೆ. ಇಂಜಿನ್‌ನಿಂದ ಇಳಿಸಿದ ಹಳೆ ಆಯಿಲ್‌ನಲ್ಲಿ ಲೋಹದ ಕಣ ಇರುತ್ತವೆ, ಅದು ಬೇಡವೇ ಬೇಡ. ಬಾರಿನ ತುದಿಯನ್ನು ಒಂದು ರಟ್ಟಿನ ಮೇಲೆ, ತಾಗದಂತೆ ಹಿಡಿದು ಕೆಲವು ಸೆಕೆಂಡು ಓಡಿಸಿ. ಎಣ್ಣೆಯ ಸಣ್ಣ ಗೆರೆ ಮೂಡಿದರೆ ಎಣ್ಣೆ ಬರುತ್ತಿದೆ ಎಂದರ್ಥ.

ಕನ್ನಡಕ, ಕಿವಿಗೆ ರಕ್ಷೆ, ಗಟ್ಟಿ ಬೂಟು, ಚೈನ್ ತಡೆಯುವ ಪ್ಯಾಂಟ್, ಇವುಗಳ ಖರ್ಚನ್ನು ಮಿಷಿನ್ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ಪೆಟ್ರೋಲ್ ಮಿಷಿನ್ನಿನ ಸದ್ದು 100 ಡೆಸಿಬೆಲ್ ದಾಟುತ್ತದೆ. ಪ್ಯಾಂಟಿನ ಮೇಲೆ ಕ್ಲಾಸ್ 1 ಎಂದಿದ್ದರೆ ಸೆಕೆಂಡಿಗೆ 20 ಮೀಟರ್ ವೇಗದ ಚೈನಿಗೆ ಪರೀಕ್ಷೆಯಾಗಿದೆ ಎಂದು ಅರ್ಥ. ಅದರೊಳಗಿನ ಎಳೆಗಳು ಸ್ಪ್ರಾಕೆಟ್ಟಿಗೆ ಸುತ್ತಿಕೊಂಡು ಚೈನನ್ನು ನಿಲ್ಲಿಸುತ್ತವೆ. ಬ್ಯಾಟರಿ, ಕರೆಂಟ್ ಮೋಟಾರು ನಿಧಾನವಾದಾಗಲೂ ಬಲವಾಗಿ ಎಳೆಯುವುದರಿಂದ ಅವುಗಳೆದುರು ಈ ಪ್ಯಾಂಟ್ ಅಷ್ಟು ಭರವಸೆಯದಲ್ಲ. ಸಣ್ಣ ಬ್ಯಾಟರಿ ಮಿಷಿನ್ ತಾನೇ ಎಂದು ಸಲಿಗೆ ಬೇಡ.

ಮಿಷಿನ್ ಜೊತೆ ಬಂದ ಚೈನಲ್ಲದೆ ಅದೇ ಅಳತೆಯ ಇನ್ನೊಂದನ್ನು ಮೊದಲ ದಿನವೇ ತಂದಿಟ್ಟುಕೊಳ್ಳಿ. ಎರಡನ್ನೂ ಸರದಿಯಂತೆ ಹಾಕಿದರೆ ಸ್ಪ್ರಾಕೆಟ್ ಜೊತೆಗೆ ಎರಡೂ ಒಂದೇ ಸಮ ಸವೆಯುತ್ತವೆ. ಆಗಾಗ ಬಾರನ್ನೂ ಮೇಲು ಕೆಳಗು ಮಾಡಿ ಕೂರಿಸಿ. ಹೊಸ ಚೈನ್ ಮೊದಲ ಅರ್ಧ ಗಂಟೆಯಲ್ಲಿ ಹಿಗ್ಗುತ್ತದೆ, ನಡುನಡುವೆ ನಿಲ್ಲಿಸಿ, ತಣಿದ ಮೇಲೆ ಬಿಗಿ ನೋಡಿ: ಬಾರಿನ ಕೆಳಗೆ ಜೋಲಬಾರದು, ಕೈಗವಸಿನ ಕೈಯಲ್ಲಿ ಎಳೆದರೆ ಸರಾಗ ಓಡಬೇಕು. ಬಿಸಿಯಾಗಿದ್ದಾಗ ಬಿಗಿ ಮಾಡಿದ್ದರೆ ಕೆಲಸ ಮುಗಿದ ಕೂಡಲೇ ಸಡಿಲಿಸಿ ಎತ್ತಿಡಿ. ತಣಿಯುತ್ತಾ ಚೈನ್ ಕುಗ್ಗುತ್ತದೆ, ಆ ಎಳೆತವೆಲ್ಲ ರಾತ್ರಿಯಿಡೀ ಬೇರಿಂಗ್ ಮೇಲೆ ಬೀಳುತ್ತದೆ.